ಕಾರಿನ ಕೆಳಗಿನ ಪೇಪರು

ಸುದ್ದಿ ಬಂದಾಗ ನಾನು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದೆ. ಕಾಮರ್ಸ್ ಮೇಷ್ಟ್ರು ಬಾಗಿಲಲ್ಲೇ ನಿಂತು, "ಸರ್, ನಮ್ಮ ಲೈಬ್ರರಿ ಮೇಡಂ ಹೋಗ್ಬಿಟ್ರಂತ್ರಿ" ಅಂದರು. ತಂಗಿಯ ಮನೆಯವರ ಜೊತೆ ಕಡರನಾಯಕನಹಳ್ಳಿ ಕಡೆ ಯಾವುದೋ ನಿಶ್ಚಿತಾರ್ಥಕ್ಕೆ ಹೊರಟಿದ್ದರಂತೆ. ಬಾಡಿಗೆ ವ್ಯಾನಿನ ಮುಂದಿನ ಟೈರು ಸಿಡಿದು ಗಾಡಿ ಗದ್ದೆಗೆ ಉರುಳಿದೆ. ಮಿಕ್ಕವರಿಗೆ ಕೈಯೋ ಕಾಲೋ ಮುರಿದಿದೆ, ಮುಂದಿನ ಸೀಟಿನಲ್ಲಿದ್ದ ಇವರು ಮಾತ್ರ ಉಳಿಯಲಿಲ್ಲ. ಇಷ್ಟನ್ನೂ ಅವರು ಒಂದೇ ಉಸಿರಿಗೆ ಹೇಳಿ ನಿಂತರು. ನನ್ನ ಬಾಯಿಂದ ಬಂದ ಮೊದಲ ಮಾತು, "ಟೈರು ನೋಡ್ಲಿಲ್ವಂತಾ?"

ಇಡೀ ಸ್ಟಾಫ್ ರೂಮು ನನ್ನ ಕಡೆ ತಿರುಗಿತು. ಸಾವಿನ ಸುದ್ದಿ ಕೇಳಿ ಟೈರಿನ ವಿಚಾರಣೆ ಮಾಡುವವನಿಗೆ ಏನನ್ನಬೇಕು? ಹೊಸದಾಗಿ ಸೇರಿದ ಇಂಗ್ಲಿಷ್ ಮೇಡಂ ಮುಖ ಸಿಂಡರಿಸಿದರು. ಕಾಮರ್ಸ್ ಮೇಷ್ಟ್ರು ಮಾತ್ರ ಕುರ್ಚಿ ಎಳೆದುಕೊಂಡು ಕೂತರು. ಅವರಿಗೆ ನನ್ನ ಪ್ರಶ್ನೆ ಅರ್ಥವಾಗಿತ್ತು. ಒಂಬತ್ತು ವರ್ಷ ಆ ಹೆಂಗಸಿನ ಕಾರಿನಲ್ಲಿ ದಾವಣಗೆರೆಯಿಂದ ಹರಿಹರಕ್ಕೆ ಓಡಾಡಿದವರು ನಾವಿಬ್ಬರು. ಟೈರು ನೋಡದೆ ಅವರು ಆಟೋವನ್ನು ಕೂಡ ಹತ್ತಿದವರಲ್ಲ. ಅಂಥವರು ಟೈರು ಸಿಡಿದು ಹೋದರು ಅಂದರೆ ತಲೆಯೊಳಗೆ ಇಳಿಯುವುದಾದರೂ ಹೇಗೆ? ಡಬ್ಬಿಗೆ ಮುಚ್ಚಳ ಹಾಕಿದೆ. ಟೈರಿನ ಮಾತು ಮೊದಲು ಬಾಯಿಗೆ ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ.

ನಾನು ಹರಿಹರದ ಒಂದು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವನು. ಮನೆ ಇರುವುದು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ಹೋದ ವರ್ಷ ನಿವೃತ್ತರಾಗುವವರೆಗೆ ಅವರು ನಮ್ಮ ಕಾಲೇಜಿನ ಲೈಬ್ರರಿಯನ್, ಮನೆಯೂ ನಮ್ಮ ಬೀದಿಯಲ್ಲೇ, ಎದುರು ಸಾಲಿನಲ್ಲಿ ಮೂರನೆಯದು. ಒಬ್ಬರೇ ಇದ್ದರು. ಯಾಕೆ ಮದುವೆಯಾಗಲಿಲ್ಲ ಎಂದು ಬೀದಿಯವರು ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದರು. ಹತ್ತಿಯ ಸೀರೆ, ಕೈಗೆ ಗಡಿಯಾರ, ಹಣೆಯ ಮೇಲೆ ಸಣ್ಣ ವಿಭೂತಿ ಗೆರೆ, ಸೆರಗಿಗೆ ಸಿಕ್ಕಿಸಿದ ಒಂದು ಪಿನ್ನು. ನಡೆಯುವಾಗ ತಲೆ ತಗ್ಗಿಸಿ ನಡೆಯುತ್ತಿದ್ದರು. ನಾಚಿಕೆಗಲ್ಲ, ನೆಲದ ಮೇಲೆ ಮೊಳೆ ಇದೆಯೇನೋ ಎಂದು ನೋಡುವುದಕ್ಕೆ. ಸಿಕ್ಕ ಮೊಳೆ, ತಂತಿಚೂರು ಎಲ್ಲ ಅವರ ವ್ಯಾನಿಟಿ ಬ್ಯಾಗಿನಲ್ಲಿದ್ದ ಒಂದು ಹಳೇ ಪೌಡರ್ ಡಬ್ಬಿಗೆ ಸೇರುತ್ತಿತ್ತು.

ಅವರ ಹತ್ತಿರ ಒಂದು ಬಿಳಿ ಬಣ್ಣದ ಸಣ್ಣ ಹಳೇ ಕಾರಿತ್ತು. ಸಂಜೆ ಮನೆ ಮುಂದೆ ನಿಲ್ಲಿಸಿದ ಮೇಲೆ ಅವತ್ತಿನ ದಿನಪತ್ರಿಕೆಯನ್ನು ಬಿಡಿಸಿ ಎಂಜಿನ್ನಿನ ಕೆಳಗೆ ಹಾಸುತ್ತಿದ್ದರು. ಈ ಚಕ್ರದಿಂದ ಆ ಚಕ್ರದವರೆಗೆ, ಹಾರದ ಹಾಗೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಬೆಳಿಗ್ಗೆ ಎದ್ದು ಸೀರೆಯ ನೆರಿಗೆ ಎತ್ತಿ ಕಟ್ಟಿ, ಮೊಣಕಾಲೂರಿ, ಆ ಪೇಪರನ್ನು ಎಳೆದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಲೆ ಇದ್ದರೆ ಬೆರಳಲ್ಲಿ ಮುಟ್ಟಿ, ಹೆಬ್ಬೆರಳಿಗೆ ಉಜ್ಜಿ, ಮೂಗಿನ ಹತ್ತಿರ ಹಿಡಿಯುವರು. ಮೊದಲ ಸಲ ಇದನ್ನು ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. "ಏನ್ ಮೇಡಂ, ನೀವು ಓದಿದ ಪೇಪರು ಕಾರಿಗೂ ಓದಿಸ್ತೀರೇನು?" ಅಂದೆ.

"ಹೌದ್ರಿ ಸರ್. ನಾವು ಊರ ಸುದ್ದಿ ಓದ್ತೀವಿ, ಅದು ತನ್ನ ಸುದ್ದಿ ಬರೀತೈತೆ. ಬರ್ರಿ ಇಲ್ಲಿ, ಓದೋದು ಕಲೀರಿ" ಎಂದು ನನ್ನನ್ನೇ ಕೂರಿಸಿ ಪಾಠ ಮಾಡಿದರು. ಕಪ್ಪು ಕಲೆಯಾದರೆ ಎಂಜಿನ್ ಆಯಿಲ್. ಹಸಿರಾದರೆ ಎಂಜಿನ್ ತಣ್ಣಗಿಡುವ ಕೂಲೆಂಟು. ಬರೀ ನೀರಾದರೆ ಎ.ಸಿ.ಯದು, ಚಿಂತೆಯಿಲ್ಲ. ತಿಳಿ ಹಳದಿ, ಮುಟ್ಟಿದರೆ ಜಾರಿಕೆ, ಚಕ್ರದ ಹತ್ತಿರ ಬಿದ್ದಿದೆ ಅಂದರೆ ಬ್ರೇಕ್ ಆಯಿಲ್. "ಇದೊಂದು ಕಂಡ್ರೆ ಚಾವಿ ಮುಟ್ಟಬ್ಯಾಡ್ರಿ. ರಜಾ ಹಾಕ್ರಿ, ಬಸ್ಸಿಗೆ ಹೋಗ್ರಿ, ಏನಾರ ಮಾಡ್ರಿ" ಅಂದಿದ್ದರು. ನಾನು ತಲೆಯಾಡಿಸಿದ್ದೆ. ಮೇಷ್ಟ್ರಾದವನಿಗೆ ವಿದ್ಯಾರ್ಥಿಗಳ ಹಾಗೆ ತಲೆಯಾಡಿಸುವುದು ಚೆನ್ನಾಗಿ ಬರುತ್ತದೆ.

ಲೈಬ್ರರಿ ಪುಸ್ತಕದ ಒಳಗೆ ಅಂಟಿಸಿರುತ್ತಾರಲ್ಲ, ವಾಪಸು ಕೊಡುವ ತಾರೀಖಿನ ಚೀಟಿ, ಅಂಥದ್ದೇ ಚೀಟಿಯನ್ನು ಡ್ಯಾಶ್‌ಬೋರ್ಡಿನ ಡಬ್ಬಿಯ ಮುಚ್ಚಳಕ್ಕೆ ಒಳಗಡೆಯಿಂದ ಅಂಟಿಸಿದ್ದರು. ಆಯಿಲ್ ಬದಲಿ, ಬ್ರೇಕ್ ಆಯಿಲ್ ಬದಲಿ, ಟೈರು ಹಿಂದೆ ಮುಂದೆ ಮಾಡುವುದು, ಬ್ಯಾಟರಿಗೆ ನೀರು, ಪ್ರತಿಯೊಂದರ ಮುಂದೆ ಒಂದು ತಾರೀಖು, ಅದೂ ರಬ್ಬರ್ ಮೊಹರಿನಲ್ಲಿ. ಇದಕ್ಕೆಂದೇ ಒಂದು ಮೊಹರು ಸ್ವಂತಕ್ಕೆ ತರಿಸಿಕೊಂಡಿದ್ದರು. ಗ್ಯಾರೇಜಿನ ಮೆಕ್ಯಾನಿಕ್, "ಇನ್ನೊಂದು ತಿಂಗಳು ಓಡ್ತೈತೆ ತಗಳ್ರಿ ಮೇಡಂ, ಆಯಿಲ್ ಕಲರ್ ಚೆನ್ನಾಗೈತೆ" ಅಂದರೆ, "ಪುಸ್ತಕ ಓದಿ ಮುಗಿದಿಲ್ಲ ಅಂತ ತಾರೀಖು ದಾಟಿಸ್ತಾರೇನಪ್ಪ? ಬದ್ಲಿ ಮಾಡು" ಎನ್ನುವರು. ಜೊತೆಗೆ ಒಂದು ಉದ್ದನೆಯ ರಿಜಿಸ್ಟರು ಬೇರೆ. ದಿನಕ್ಕೊಂದು ಸಾಲು. ತಾರೀಖು, ಪೇಪರು, ಟೈರು, ಸಹಿ. ಪೇಪರಿನ ಕಾಲಂನಲ್ಲಿ ಕಲೆಯಿಲ್ಲದ ದಿನ "ಕ್ಲೀನ್" ಎಂದು ಬರೆಯುತ್ತಿದ್ದರು. ತಾವು ನೋಡಿದ ಮೇಲೆಯೇ.

ಅವರ ತಂದೆ ಹರಿಹರದ ಒಂದು ದೊಡ್ಡ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ವಿಭಾಗದಲ್ಲಿದ್ದವರಂತೆ. "ನಮ್ಮಪ್ಪ ಮೂವತ್ತು ವರ್ಷ ದುಡಿದ್ರು ಸರ್, ಒಂದು ಸಲಾನೂ ಯಾರೂ ಹಾರ ಹಾಕ್ಲಿಲ್ಲ. ಮಿಷಿನ್ ಕೆಟ್ಟಾಗ ಸರಿ ಮಾಡಿದವನಿಗೆ ಹಾರ. ಕೆಡದಂಗೆ ನೋಡ್ಕೊಂಡವ ಯಾರ ಕಣ್ಣಿಗೂ ಬೀಳಂಗಿಲ್ಲ" ಎಂದು ಒಮ್ಮೆ ಗೇರು ಬದಲಿಸುತ್ತಾ ಹೇಳಿದ್ದರು. ದೂರಿನ ದನಿಯಲ್ಲ. ಊಟಕ್ಕೆ ಏನಿತ್ತು ಎಂದು ಹೇಳುವ ದನಿ.

ಲೈಬ್ರರಿಯಲ್ಲೂ ಇದೇ ಕಥೆ. ಬೇರೆ ಕಾಲೇಜುಗಳಲ್ಲಿ ಪುಸ್ತಕದ ಬೆನ್ನು ಹರಿದ ಮೇಲೆ ಬೈಂಡಿಂಗಿಗೆ ಹೋಗುತ್ತದೆ. ಇವರು ಶನಿವಾರ ಮಧ್ಯಾಹ್ನ ಅಂಟಿನ ಬಟ್ಟಲು ಹಿಡಿದು ಕಪಾಟಿನಿಂದ ಕಪಾಟಿಗೆ ಹೋಗಿ, ದಾರ ಸಡಿಲವಾದದ್ದನ್ನು ಮಾತ್ರ ಹೊರಗೆಳೆದು ಹಾಳೆ ಕೂರಿಸುತ್ತಿದ್ದರು. ನನ್ನ ಕನ್ನಡಕದ ಕಾಲು ಅಲ್ಲಾಡುವುದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಪುಸ್ತಕ ಕೇಳಲು ಹೋದವನನ್ನು, "ತೆಗೀರಿ ಅದನ್ನ" ಎಂದು ನಿಲ್ಲಿಸಿ, ಸೆರಗಿನ ಪಿನ್ನು ಬಿಚ್ಚಿ ಅದರ ತುದಿಯಲ್ಲೇ ಸ್ಕ್ರೂ ಬಿಗಿದು ಕೊಡುವರು. ಅಷ್ಟು ಹೊತ್ತೂ ನಾನು ಎದುರಿಗಿನ ಹುಡುಗರ ಮುಖ ಮಂಜು ಮಂಜಾಗಿ ನೋಡುತ್ತಾ ನಿಂತಿರಬೇಕು.

ಸಿಟ್ಟು ಬರಿಸುವುದೂ ಇತ್ತು. ಒಂದು ದಿನ ಪ್ರಿನ್ಸಿಪಾಲರು ಮೀಟಿಂಗ್ ಕರೆದಿದ್ದರು. ಹರಿಹರ ಇನ್ನೇನು ಬಂತು ಅನ್ನುವಾಗ ಮೇಡಂ ಪಿ.ಬಿ. ರಸ್ತೆಯ ಪಕ್ಕ ಕಾರು ನಿಲ್ಲಿಸಿದರು. ಎಡಗಡೆ ಹಿಂದಿನ ಟೈರಿನ ಸದ್ದು ಬೇರೆಯಾಗಿದೆಯಂತೆ. ನಮಗಿಬ್ಬರಿಗೂ ಏನೂ ಕೇಳಿಸಿರಲಿಲ್ಲ. ಕಾಮರ್ಸ್ ಮೇಷ್ಟ್ರು, "ಏನೂ ಆಗಂಗಿಲ್ಲ ನಡೀರಿ ಮೇಡಂ, ಎರಡು ಕಿಲೋಮೀಟರು" ಅಂದರು. ಅವರು ಕಿವಿಗೇ ಹಾಕಿಕೊಳ್ಳದೆ ಇಳಿದು ಹುಡುಕಿ ಒಂದು ಸಣ್ಣ ಮೊಳೆ ತೋರಿಸಿದರು. ಸ್ಟೆಪ್ನಿ ಹಾಕಿ ಹೋಗುವ ಹೊತ್ತಿಗೆ ಮೀಟಿಂಗು ಅರ್ಧ ಮುಗಿದಿತ್ತು. ಪ್ರಿನ್ಸಿಪಾಲರು ಎಲ್ಲರೆದುರು ಗದರಿದಾಗ ಮೇಡಂ ನಿಂತು, "ಮೂರು ಜನ ಲೇಟು ಅಂತ ಬರ್ಕೊಳ್ರಿ ಸರ್. ಮೂರು ಜನ ಬಂದೀವಲ್ಲ" ಅಂದು ಕೂತರು. ಮೊಳೆ ಪೌಡರ್ ಡಬ್ಬಿಗೆ ಹೋಯಿತು.

ನನಗೂ ಒಂದು ಕಾರಿದೆ. ಸಾಲ ಮಾಡಿ ಕೊಂಡ ಹೊಸದು, ಬೂದು ಬಣ್ಣದ ಹೊದಿಕೆ ಹೊದ್ದು ಮನೆ ಮುಂದೆ ಮಲಗಿರುತ್ತಿತ್ತು. ಸರ್ವಿಸ್ ಎಂದರೆ ನನ್ನ ಲೆಕ್ಕದಲ್ಲಿ ಮೀಟರಿನ ಪಕ್ಕ ಕೆಂಪು ದೀಪ ಹತ್ತಿದಾಗ ಮಾಡಿಸುವುದು. "ಸರ್, ನಿಮ್ಮ ಕಾರಿನ ದನಿ ಬದಲಾಗೈತ್ರಿ" ಎಂದು ಅವರು ಹೇಳಿದಾಗಲೆಲ್ಲ, "ಅದಕ್ಕೆ ಈಗ ಹದಿನಾರರ ವಯಸ್ಸು ಮೇಡಂ, ಗಂಟಲು ಒಡೀತೈತೆ" ಎಂದು ಹಾರಿಸಿಬಿಡುತ್ತಿದ್ದೆ. ಅವರು ನಗುತ್ತಿದ್ದರು. ನಾನು ಏನು ಹೇಳಿದರೂ ನಗುತ್ತಿದ್ದರು. ಅದೇ ನನ್ನನ್ನು ಕೆಡಿಸಿತು.

ಈಗ ಆ ಇನ್ನೊಂದು ಕಾರಣಕ್ಕೆ, ಒಂದು ದಸರೆಯ ವಿಷಯಕ್ಕೆ ಬರಬೇಕು. ಎರಡು ವರ್ಷದ ಹಿಂದಿನ ಮಾತು. ಹಬ್ಬಕ್ಕೆ ಕಾಲೇಜಿಗೆ ನಾಲ್ಕು ದಿನ ರಜೆ ಇತ್ತು. ಕೊಕ್ಕನೂರಿನಿಂದ ತಂಗಿಯ ಗಂಡ ತನ್ನ ಗಾಡಿ ತಂದು ಮೇಡಮ್ಮನ್ನು ಕರೆದುಕೊಂಡು ಹೊರಟ. ಅವರು ಕಾರಿನ ಚಾವಿಯನ್ನು ನನ್ನ ಕೈಗೆ ಕೊಟ್ಟು, "ಸರ್, ಕಾರು ತೆಗಿಯೋದು ಬ್ಯಾಡ್ರಿ. ದಿನಾ ಸಂಜೆ ಪೇಪರು ಹಾಸ್ರಿ, ಬೆಳಿಗ್ಗೆ ನೋಡ್ರಿ. ಅಷ್ಟೇ ಸಾಕು" ಅಂದರು. ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಒಂದೇ ಒಂದು ಉಪಕಾರ ಇದು.

ಮೊದಲ ಸಂಜೆ ಶ್ರದ್ಧೆಯಿಂದಲೇ ಹಾಸಿದೆ. ಬೆಳಿಗ್ಗೆ ಎಳೆದು ನೋಡಿದರೆ ಬಲಗಡೆ ಚಕ್ರದ ಜಾಗದಲ್ಲಿ ಒಂದು ಕಲೆ, ಲಿಂಬೆಹಣ್ಣಿನಷ್ಟು ಅಗಲ. ಕಪ್ಪಲ್ಲ, ಹಸಿರಲ್ಲ. ಮುಟ್ಟಿ ನೋಡಬೇಕಿತ್ತು. ಮುಟ್ಟಲಿಲ್ಲ. ಅವತ್ತು ಆಯುಧಪೂಜೆ, ನಾನು ಆಗಲೇ ಸ್ನಾನ ಮಾಡಿ ಮಡಿ ಪಂಚೆ ಉಟ್ಟಿದ್ದೆ. ಆಮೇಲೆ ನೋಡಿದರಾಯಿತು ಎಂದು ಪೇಪರನ್ನು ಮಡಿಚಿ ಕಟ್ಟೆಯ ಮೇಲಿಟ್ಟೆ.

ಅಷ್ಟರಲ್ಲಿ ನನ್ನ ಹೆಂಡತಿ, "ಬೀದಿ ತುಂಬ ಗಾಡಿಗೆ ಪೂಜೆ ನಡೀತೈತೆ. ಮೇಡಂ ಕಾರು ಒಂದೇ ಬೋಳು ಬೋಳು ನಿಂತೈತಲ್ರಿ. ಅವರು ಬಂದಾಗ ಖುಷಿ ಆಗ್ಲಿ, ತೊಳಿಸ್ಕೊಂಡು ಬರ್ರಿ" ಅಂದಳು. ನನಗೂ ಹುಮ್ಮಸ್ಸು ಬಂತು. ತೆಗೆಯಬೇಡಿ ಅಂದಿದ್ದ ಕಾರನ್ನು ತೆಗೆದೆ. ವಾಟರ್ ಸರ್ವಿಸಿನ ಮುಂದೆ ಸಾಲು ಹಚ್ಚಿ, ಮೇಲೆ ಕೆಳಗೆ ಚಕ್ರದ ಸಂದಿನೊಳಗೆ ಎಲ್ಲ ಪೈಪಿನಲ್ಲಿ ನೀರು ಹೊಡೆಸಿ ಫಳಫಳ ಮಾಡಿಸಿದೆ. ಬರುವಾಗ ಬ್ರೇಕು ಒಂಚೂರು ಮೆತ್ತಗಿದೆ ಅನ್ನಿಸಿತು. ಹಳೇ ಕಾರು, ಹೀಗೇ ಇರಬೇಕು ಅಂದುಕೊಂಡೆ.

ಹೆಂಡತಿ ನೆಲಕ್ಕೆ ರಂಗೋಲಿ ಹಾಕಿದ್ದಳು. ಅದರ ಮೇಲೆ ಕಾರು ನಿಲ್ಲಿಸಿ ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ ಎಲ್ಲ ಆಯಿತು. ನಾಲ್ಕು ಚಕ್ರಕ್ಕೆ ನಾಲ್ಕು ಲಿಂಬೆಹಣ್ಣಿಟ್ಟು ಮುಂದೆ ಹೊರಳಿಸಿದೆ. ಬೂದಗುಂಬಳ ಕೊರೆದು ಕುಂಕುಮ ತುಂಬಿ ನಿವಾಳಿಸಿ ಒಡೆದೆ. ಆ ಕುಂಬಳದ ಹೋಳುಗಳನ್ನು ಬಳಿದು ತೆಗೆಯಲು ಏನಾದರೂ ಬೇಕಿತ್ತು. ಕಟ್ಟೆಯ ಮೇಲೆ ಕೈಗೆ ಸಿಕ್ಕಿದ್ದು ಬೆಳಗಿನ ಪೇಪರು. ಅದರಲ್ಲೇ ಸುತ್ತಿ ಕಸದ ಗಾಡಿಗೆ ಹಾಕಿದೆ. ಅವತ್ತು ಸಂಜೆ ಪೇಪರು ಹಾಸಲು ಹೋದಾಗ ಹೆಂಡತಿ, "ಪೂಜೆ ಮಾಡಿದ ಗಾಡಿ ಕೆಳಗೆ, ರಂಗೋಲಿ ಮ್ಯಾಲೆ ರದ್ದಿ ಹಾಸ್ತೀರಾ?" ಅಂದಳು. ಹಾಸಲಿಲ್ಲ. ಉಳಿದ ದಿನಗಳಲ್ಲೂ ಹಾಸಲಿಲ್ಲ. ಚಕ್ರದ ಕೆಳಗೆ ಒದ್ದೆ ಕಂಡಿತು, ನಿಜ. ಲಿಂಬೆಯ ರಸ, ಕುಂಬಳದ ನೀರು, ಒದ್ದೆಗೆ ಅವತ್ತು ಕಾರಣಗಳಿಗೇನು ಬರವೇ?

ಕಾಲೇಜು ಶುರುವಾಗುವ ಬೆಳಿಗ್ಗೆ ಪರೀಕ್ಷೆಯಿತ್ತು. ಕಾಲೇಜಿಗೆ ಹೋಗಲು ನಾವಿಬ್ಬರು ತಮ್ಮ ಕಾರನ್ನೇ ನಂಬಿದ್ದೇವೆ ಎಂದು, ಮಾರುಕಟ್ಟೆಗೆ ಹೊರಟಿದ್ದ ತಂಗಿಯ ಗಂಡನ ಗಾಡಿಯಲ್ಲಿ ಮೇಡಂ ಕೊಕ್ಕನೂರಿನಿಂದ ಹರಿಹರ ದಾಟಿ ದಾವಣಗೆರೆಗೇ ಬಂದಿಳಿದರು. ಹಾರ ಹಾಕಿಕೊಂಡು ನಿಂತ ಕಾರನ್ನು ನೋಡಿ ಮುಖ ಅರಳಿತು. ಆಮೇಲೆ ನೆಲ ನೋಡಿದರು. "ಪೇಪರು ಎಲ್ಲೈತ್ರಿ?"

"ಬೆಳಿಗ್ಗೆನೇ ತೆಗೆದೆ ಮೇಡಂ."

"ನೋಡಿದ್ರಲ್ಲ?"

"ನೋಡಿದೆ. ಕ್ಲೀನ್ ಇತ್ತು."

ಎಷ್ಟು ಸಲೀಸಾಗಿ ಬಂತು ಆ ಮಾತು! ಮೊದಲ ಸಂಜೆ ಬಿಟ್ಟರೆ ಹಾಸಿಯೇ ಇಲ್ಲ ಎಂದು ಹೇಳಲು ನಾಚಿಕೆಯಾಗಿ ಆಡಿದ ಮಾತು ಅಷ್ಟೇ. ಅವರು ಸೀರೆಯ ನೆರಿಗೆಗೆ ಕೈ ಹಾಕಿ ಬಗ್ಗಲು ಹೊರಟಿದ್ದರು. ಕಾಮರ್ಸ್ ಮೇಷ್ಟ್ರು ಗಡಿಯಾರ ನೋಡಿಕೊಂಡು, "ಪರೀಕ್ಷೆ ಐತ್ರಿ ಮೇಡಂ, ಹೊತ್ತಾತು" ಅಂದರು. ನಾನೂ "ಹೌದ್ರಿ ಮೇಡಂ, ನಡೀರಿ" ಅಂದೆ. ಅವರು ಒಂದು ಗಳಿಗೆ ಹಾಗೇ ನಿಂತು, ನೆರಿಗೆ ಬಿಟ್ಟು, ಕಾರು ಹತ್ತಿದರು.

ದಾವಣಗೆರೆ ದಾಟಿ ಅರ್ಧ ದಾರಿಯವರೆಗೆ ಏನೂ ಗೊತ್ತಾಗಲಿಲ್ಲ. ಹರಿಹರ ಹತ್ತಿರವಾಗುತ್ತಿದ್ದಂತೆ ಮುಂದೆ ಒಂದು ಶಾಲೆಯ ವ್ಯಾನು ಮಕ್ಕಳನ್ನು ಹತ್ತಿಸಿಕೊಳ್ಳಲು ನಿಂತಿತು. ಮೇಡಂ ಬ್ರೇಕು ಒತ್ತಿದರು. ಅವರ ಕಾಲು ನೆಲ ಮುಟ್ಟಿದ್ದು ಪಕ್ಕದಲ್ಲಿ ಕೂತ ನನಗೆ ಕಾಣಿಸಿತು. ಮತ್ತೆ ಒತ್ತಿದರು, ಮತ್ತೆ. ವ್ಯಾನಿನ ಹಿಂದಿನ ಗಾಜಿನಲ್ಲಿ ಎರಡು ಜಡೆಯ ಒಂದು ಮಗು ನಮ್ಮ ಕಡೆ ನೋಡಿ ಕೈ ಬೀಸುತ್ತಿತ್ತು. "ಗಟ್ಟಿ ಹಿಡ್ಕೊಳ್ರಿ" ಅಂದರು ಮೇಡಂ, ಅಷ್ಟೇ. ಗೇರು ಒಂದೊಂದಾಗಿ ಇಳಿಸಿ, ಹ್ಯಾಂಡ್ ಬ್ರೇಕು ಎಳೆಯುತ್ತಾ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರು. ರಸ್ತೆಯ ಬದಿಯಲ್ಲಿ ಒಣಗಲು ಹಾಕಿ ಗುಡ್ಡೆ ಮಾಡಿದ್ದ ಮೆಕ್ಕೆಜೋಳದೊಳಗೆ ಕಾರು ಬಾನೆಟ್ಟಿನವರೆಗೆ ನುಗ್ಗಿ ನಿಂತಿತು. ಗಾಜಿನ ಮೇಲೆ ಕಾಳು ಸುರಿಯುವ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು.

ಜೋಳ ಕಾಯುತ್ತಿದ್ದ ಹೆಂಗಸು, "ಕಣ್ಣು ಕಾಣಂಗಿಲ್ಲೇನ್ರಿ ನಿಮಗೆ? ಇಷ್ಟು ದೊಡ್ಡ ರಸ್ತೆ ಬಿಟ್ಟು ನನ್ನ ರಾಶಿನೇ ಬೇಕಾತಾ?" ಎಂದು ಬಾಯಿ ಮಾಡುತ್ತಾ ಓಡಿ ಬಂದಳು. ನಮ್ಮ ಮುಖ ನೋಡಿ ಗಪ್ಪನೆ ನಿಂತು, ತನ್ನ ನೀರಿನ ಬಾಟಲಿ ಚಾಚಿದಳು. ಮೇಡಂ ನೀರು ಕುಡಿಯಲಿಲ್ಲ. ಇಳಿದು ಬಲಗಡೆ ಚಕ್ರದ ಪಕ್ಕ ಮೊಣಕಾಲೂರಿ ಒಳಗೆ ಕೈ ಹಾಕಿದರು. ಬೆರಳನ್ನು ಹೆಬ್ಬೆರಳಿಗೆ ಉಜ್ಜಿದರು, ಮೂಸಿದರು. ತಲೆಯೆತ್ತಿ ನನ್ನ ಮುಖ ನೋಡಿ ಕೇಳಿದರು, "ಪೇಪರ್‌ನ್ಯಾಗೆ ಏನೂ ಇರ್ಲಿಲ್ಲಲ್ರಿ ಸರ್?"

ಹೇಳಲು ಅದೇ ಹೊತ್ತು. ವ್ಯಾನು ಮಕ್ಕಳನ್ನು ತುಂಬಿಕೊಂಡು ಆಗಲೇ ಮುಂದೆ ಹೋಗಿತ್ತು. ನಾನು, "ಇರ್ಲಿಲ್ಲ ಮೇಡಂ" ಅಂದೆ.

"ಹಂಗಾದ್ರೆ ಊರಿಗೆ ಹೋಗೋ ಮೊದ್ಲೇ ಇತ್ತು. ನನ್ನ ಕಣ್ಣಿಗೇ ಬೀಳ್ಲಿಲ್ಲ" ಅಂದರು. ಅವರ ದನಿ ಹಾಗೆ ಸಣ್ಣದಾದದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಚಕ್ರಕ್ಕೆ ಹೋಗುವ ಬ್ರೇಕ್ ಆಯಿಲ್ಲಿನ ರಬ್ಬರ್ ಪೈಪು ಸೀಳಿತ್ತು. ಅಂಗೈ ಉದ್ದದ ಪೈಪು. ಅದನ್ನು ಬದಲಾಯಿಸಿ ಇಡೀ ಕಾರನ್ನು ಸರಿಮಾಡಿಸಿ, ತಿಂಗಳೊಳಗೆ ಮಾರಿಬಿಟ್ಟರು. ಕೊಂಡವನಿಗೆ ಚೀಟಿಯ ನಕಲೊಂದನ್ನು ಮೊಹರು ಸಮೇತ ಕೊಟ್ಟು ಅರ್ಧ ಗಂಟೆ ಪಾಠ ಮಾಡಿದರಂತೆ. ನಾನು, "ಯಾಕ್ರಿ ಮೇಡಂ ಮಾರಿದ್ರಿ, ಏನೂ ಆಗಿಲ್ಲಲ್ಲ" ಅಂದಾಗ, "ನನ್ನ ಕಣ್ಣಿನ ಮ್ಯಾಲೆ ನನಗೆ ನಂಬಿಕೆ ಹೋತು ಸರ್. ಎರಡು ಮನಿ ಮಂದಿ ನನ್ನ ನಂಬಿ ಕೂತಿರ್ತೀರಿ. ಇನ್ನು ಸಾಕು" ಅಂದರು. ಅವತ್ತಿನಿಂದ ಅವರು ಬಸ್ಸಿನಲ್ಲಿ ಬಂದರು. ನಾವು ನನ್ನ ಬೂದು ಹೊದಿಕೆಯ ಕಾರಿನಲ್ಲಿ ಬಂದೆವು. ಎಷ್ಟು ಕರೆದರೂ ಅವರು ಹತ್ತಲಿಲ್ಲ. ಬಸ್ ಸ್ಟಾಪಿನಲ್ಲಿ ತಲೆ ತಗ್ಗಿಸಿ ನಿಂತ ಅವರ ಮುಂದೆ ಕಾರು ದಾಟಿಸುವಾಗ ದಿನಾ ನಿಜ ನಾಲಿಗೆಯ ತುದಿಗೆ ಬರುತ್ತಿತ್ತು. ದಿನಾ ನುಂಗುತ್ತಿದ್ದೆ. ಒಂದು ವಾರದ ಸುಳ್ಳನ್ನು ಒಪ್ಪಿಕೊಳ್ಳಬಹುದು. ಒಂದು ವರ್ಷದ್ದನ್ನು ಒಪ್ಪಿಕೊಳ್ಳಲು ನನಗೆ ಧೈರ್ಯ ಸಾಲಲಿಲ್ಲ.

ಹೋದ ವರ್ಷ ಅವರ ನಿವೃತ್ತಿಯ ಬೀಳ್ಕೊಡುಗೆ ಸಮಾರಂಭ. ನಾನೇ ನಿರೂಪಣೆ. ಕಾರಿಗೆ ಪೇಪರು ಓದಿಸುವ ಮೇಡಂ ಎಂದು ಹಳೇ ನಗೆಚಾಟಿಕೆಯನ್ನೇ ಹಾರಿಸಿ ಸಭೆಯನ್ನೆಲ್ಲ ನಗಿಸಿದೆ. ಕಾಮರ್ಸ್ ಮೇಷ್ಟ್ರು ಮಾತಿಗೆ ನಿಂತು, "ಒಂಬತ್ತು ವರ್ಷದಾಗ ಮೇಡಂ ಕಣ್ಣು ತಪ್ಪಿದ್ದು ಒಂದೇ ಸಲ, ಅವತ್ತು ಮೆಕ್ಕೆಜೋಳ ನಮ್ಮನ್ನ ಕಾಯ್ತು" ಅಂದರು. ಪಾಪ, ಅವರಿಗೇನು ಗೊತ್ತು. ವೇದಿಕೆಯ ಮೇಲೆ ಹಾರ ಹಾಕಿಕೊಂಡು ಕೂತಿದ್ದ ಮೇಡಂ ಎದ್ದು ಕೈಮುಗಿದು, "ಹೌದ್ರಿ, ಅದೊಂದು ತಪ್ಪಾತು, ಎಲ್ಲಾರೂ ಮಾಫಿ ಮಾಡ್ರಿ" ಅಂದರು. ಜನ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಇದನ್ನು ಬರೆಯುವಾಗ ಆ ಎರಡು ಕೈಗಳನ್ನು ನೋಡಿಕೊಳ್ಳಲು ಮನಸ್ಸಾಗುವುದಿಲ್ಲ.

ಕೊಕ್ಕನೂರಿನ ತಂಗಿಯ ಮನೆಯಲ್ಲಿ ಮೇಡಂ ಹೆಸರಿನಲ್ಲಿ ನಡೆದ ಶಿವಗಣಾರಾಧನೆಗೆ ನಾನೂ ಕಾಮರ್ಸ್ ಮೇಷ್ಟ್ರೂ ಹೋಗಿದ್ದೆವು. ಪ್ರಸಾದವಾದ ಮೇಲೆ ಅವರ ತಂಗಿ ನನ್ನನ್ನು ಪಡಸಾಲೆಗೆ ಕರೆದು, "ಕೂಡ್ರಿ ಸರ್" ಅಂದರು. ಎಡಗೈಗೆ ಪಟ್ಟಿ ಹಾಕಿ ಕೊರಳಿಗೆ ಕಟ್ಟಿತ್ತು. ಅವರೂ ಆ ವ್ಯಾನಿನಲ್ಲಿದ್ದವರು. ನನಗೆ ತಡೆಯಲಾಗಲಿಲ್ಲ. "ಮೇಡಂ ಟೈರು ನೋಡ್ಲಿಲ್ವೇನಮ್ಮಾ?" ಎಂದು ಕೇಳಿಯೇಬಿಟ್ಟೆ.

"ನೋಡಿದ್ಲು ಸರ್" ಅಂದರು ಆಕೆ. "ಅಕ್ಕ ಕೈಯಿಟ್ಟು ನೋಡಿದ್ಲು. ಮುಂದಿಂದು ಬೋಳಾಗೈತಲ್ಲೋ ತಮ್ಮಾ ಅಂದ್ಲು. ಡ್ರೈವರ್ರು, ನಿನ್ನೆನೇ ಗ್ಯಾರೇಜಿನ್ಯಾಗೆ ತೋರ್ಸೀನಿ, ಏನೂ ಇಲ್ಲ ಅಂದ. ಅಕ್ಕ ಹತ್ತಾಕ ಒಲ್ಲೆ ಅಂತ ನಿಂತ್ಕೊಂಡ್ಲು. ನಾವೆಲ್ಲ ಹತ್ತಿ ಕುಂತಿದ್ವಿ. ನಾನೇ ಕೈ ಹಿಡಿದು ಎಳೆದೆ ಸರ್. ನಿಂದೊಂದು ಯಾವಾಗ್ಲೂ ಇದ್ದಿದ್ದೇ, ನಿನ್ನ ಕಾರಾಗ ಏನಾತು ನೆನಪಿಲ್ಲೇನು, ಬಾರೆ ಅಂದೆ. ಅದಕ್ಕ ಆಕಿ ಏನೂ ಅನ್ಲಿಲ್ಲ. ಹತ್ತಿದ್ಲು."

ನಿನ್ನ ಕಾರಿನಲ್ಲಿ ಏನಾಯಿತು ನೆನಪಿಲ್ಲವೇ. ಆ ಮಾತನ್ನು ತಂಗಿಯ ಬಾಯಿಗೆ ಕೊಟ್ಟವನು ನಾನು. ಅವರ ಕಣ್ಣಿನ ಮೇಲಿನ ನಂಬಿಕೆಯನ್ನು ಅವರಿಂದಲೇ ಕಿತ್ತುಕೊಂಡವನು ನಾನು. ಆ ನಂಬಿಕೆ ಇದ್ದಿದ್ದರೆ ಅವರು ಯಾರು ಎಳೆದರೂ ಹತ್ತುತ್ತಿರಲಿಲ್ಲ, ಮೀಟಿಂಗಿನ ದಿನ ನಾವು ಎಷ್ಟು ಅವಸರ ಮಾಡಿದರೂ ಮೊಳೆ ಹುಡುಕದೆ ಕಾರು ಬಿಟ್ಟಿರಲಿಲ್ಲವಲ್ಲ.

ಆಕೆ ಒಳಗೆ ಹೋಗಿ ಒಂದು ಉದ್ದನೆಯ ರಿಜಿಸ್ಟರು ತಂದರು. "ಲೈಬ್ರರಿದು ಇರಬೇಕು, ಕಾಲೇಜಿಗೆ ಕೊಟ್ಬಿಡ್ರಿ" ಅಂದರು. ಲೈಬ್ರರಿಯದಲ್ಲ, ಕಾರಿನದು. ಕೊನೆಯ ಪುಟಗಳನ್ನು ತಿರುವಿದೆ. ಸಾಲು ಸಾಲಾಗಿ ಕ್ಲೀನ್, ಕ್ಲೀನ್, ಕ್ಲೀನ್. ಆ ದಸರೆಯ ನಾಲ್ಕು ದಿನದ ತಾರೀಖಿನ ಮುಂದೆ ಏನೂ ಇಲ್ಲ. ನಾಲ್ಕು ಖಾಲಿ ಮನೆ. ನಾನು ಎರಡು ಸಲ ಕ್ಲೀನ್ ಎಂದು ಹೇಳಿದ್ದೆ, ಅವರು ಒಂದು ಸಲವೂ ಬರೆದುಕೊಂಡಿರಲಿಲ್ಲ. ಅದರ ಕೆಳಗೆ ಅವರ ದುಂಡು ಅಕ್ಷರದಲ್ಲಿ ಎರಡು ಸಾಲು. "ಪೇಪರು ನಾನು ನೋಡಿಲ್ಲ. ಹೊರಡುವ ಮುಂಚೆ ಬಗ್ಗಿ ನೋಡಬೇಕಿತ್ತು, ತಪ್ಪು ನನ್ನದು." ನನ್ನ ಹೆಸರಿಲ್ಲ. ನನ್ನ ಮಾತನ್ನು ಅವರು ನಂಬಿದ್ದರೋ ಇಲ್ಲವೋ, ಆ ಖಾಲಿ ಮನೆಗಳನ್ನು ಎಷ್ಟು ಹೊತ್ತು ನೋಡಿದರೂ ನನಗೆ ತಿಳಿಯಲಿಲ್ಲ.

ಆಗ ಆ ತಂಗಿಗೆ ಎಲ್ಲವನ್ನೂ ಹೇಳಿದೆ. ಕಲೆ ಇದ್ದದ್ದು, ಕುಂಬಳಕಾಯಿ ಸುತ್ತಿದ್ದು, ಎರಡು ಸಲ ಸುಳ್ಳು ಹೇಳಿದ್ದು, ಚಪ್ಪಾಳೆ ತಟ್ಟಿದ್ದು. ನಿಮ್ಮ ಅಕ್ಕನ ಕಣ್ಣು ಯಾವತ್ತೂ ತಪ್ಪಿರಲಿಲ್ಲ ಅಂದೆ. ಆಕೆ ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೊರಳಿಗೆ ಕಟ್ಟಿದ ಪಟ್ಟಿಯನ್ನು ಸರಿಮಾಡಿಕೊಂಡು, "ಇದನ್ನ ಅಕ್ಕ ಇದ್ದಾಗ ಹೇಳಿದ್ರೆ ನಾನು ಆ ಮಾತು ಆಡ್ತಿರ್ಲಿಲ್ಲ ಸರ್" ಅಂದರು. ಆಮೇಲೆ, "ನೀವು ಇವತ್ತು ಹೇಳಿ ಹಗುರಾದ್ರಿ. ನಾನು ಯಾರಿಗೆ ಹೇಳ್ಲಿ?" ಅಂದರು.

ರಿಜಿಸ್ಟರು ಹಿಡಿದು ಎದ್ದು ಬಂದೆ.

ದಾವಣಗೆರೆ ಮುಟ್ಟಿದಾಗ ಸಂಜೆಯಾಗಿತ್ತು. ಅವತ್ತಿನ ಪೇಪರನ್ನು ಬಿಡಿಸಿ ನನ್ನ ಕಾರಿನ ಕೆಳಗೆ ಹಾಸಿದೆ, ಈ ಚಕ್ರದಿಂದ ಆ ಚಕ್ರದವರೆಗೆ. ನಾಲ್ಕು ಕಲ್ಲು ಬೇಕಿತ್ತು. ಎದುರು ಸಾಲಿನ ಬೀಗ ಹಾಕಿದ ಮನೆಯ ಮುಂದೆ ಅವರ ಕಲ್ಲುಗಳು ಗೋಡೆಗೊರಗಿ ಹಾಗೇ ಇದ್ದವು. ತಂದು ಇಟ್ಟೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

ಬೆಳಿಗ್ಗೆ ಎದ್ದು ಪಂಚೆ ಎತ್ತಿ ಕಟ್ಟಿ ಮೊಣಕಾಲೂರಿದೆ. ಪೇಪರನ್ನು ಎಳೆದು ಬೆಳಕಿಗೆ ಹಿಡಿದು ಮೂಲೆಯಿಂದ ಮೂಲೆಗೆ ನೋಡಿದೆ. ಕಣ್ಣು ಸಾಲದೆ ಅಂಗೈಯಲ್ಲಿ ಸವರಿ ನೋಡಿದೆ. ಬೆರಳು ಮೂಸಿದೆ. ಆಮೇಲೆ ಎದುರು ಸಾಲಿನ ಮೂರನೆಯ ಮನೆಯ ಕಡೆ ತಿರುಗಿ, ಬೀದಿಯಲ್ಲಿ ಯಾರಿದ್ದಾರೆ ಯಾರಿಲ್ಲ ಎಂದು ನೋಡದೆ, ಗಟ್ಟಿಯಾಗಿಯೇ ಹೇಳಿದೆ.

"ಪೇಪರು ಕ್ಲೀನ್ ಐತ್ರಿ ಮೇಡಂ. ನೋಡಿ ಹೇಳ್ತಿದೀನಿ."